ಕುಡಿಯಬಹುದು

ಪ್ರೈಸ್, ಯೂಟಾ
1998 ಮಾರ್ಚ್ 8

ಥೇನ್,

ಅರವತ್ತು ಮೈಲಿ ಆಚೆ ಇರುವ ಗೆಳೆಯನಿಗೆ ಫೋನ್ ಮಾಡುವ ಬದಲು ಕಾಗದ ಬರೆಯುವವನು ಈ ಸೀಮೆಯಲ್ಲೇ ನಾನೊಬ್ಬನೇ ಎಂದು ಡೆಲ್‌ಮಾರ್ ಈ ವರ್ಷವೂ ನನ್ನನ್ನು ಹಂಗಿಸಿದ. ಬಾಯಿಮಾತಿನಲ್ಲಿ ಮಾಡಿದ ಯೋಜನೆಗೆ ಹರಟೆ ಎಂದು ಹೆಸರು ಎಂದು ನಾನೂ ಈ ವರ್ಷದ ಉತ್ತರವನ್ನು ಕೊಟ್ಟೆ. ಬೆಟ್ಟದ ಮೇಲಿನ ಹಿಮ ಕರಗತೊಡಗಿದೆ. ಅಕ್ಟೋಬರಿನ ನದಿಯಾತ್ರೆಯ ಬಗ್ಗೆ ಬರೆಯುವ ಕಾಲ ಬಂದಿದೆ.

ನಿನ್ನ ಕರಬೂಜದ ಹೊಲಗಳು ಖಾಲಿಯಾಗಿ, ಗ್ರೀನ್ ರಿವರ್ ಊರಿನ ಜನ ಹಣ್ಣು ಮಾರಿ ದಣಿದು ಕುಳಿತ ಮೇಲೆ, ಅಂದರೆ ಅಕ್ಟೋಬರಿನ ಮೊದಲ ವಾರದಲ್ಲಿ, ನಾವು ನಾಲ್ವರೂ ಎಂದಿನಂತೆ ರೂಬಿ ರಾಂಚಿನ ದಡದಲ್ಲಿ ನಮ್ಮ ಒಂಟಿ ಸೀಟಿನ ಕಯಾಕ್ ದೋಣಿಗಳನ್ನು ನೀರಿಗಿಳಿಸುವುದು. ಲ್ಯಾಬಿರಿಂತ್ ಕಮರಿಯಲ್ಲಿ ದಿನವೆಲ್ಲ ಹುಟ್ಟು ಹಾಕುವುದು, ಸಂಜೆ ಮರಳುದಿಬ್ಬದ ಮೇಲೆ ಗುಡಾರ ಹೊಡೆಯುವುದು, ಮನಸ್ಸಾದಲ್ಲಿ ಪಕ್ಕದ ಕಿರುಕಮರಿಗಳೊಳಗೆ ನಡೆದುಹೋಗುವುದು, ಕಡೆಗೆ ಮಿನರಲ್ ಬಾಟಮ್ ದಡದಲ್ಲಿ ಮೇಲೇರುವುದು.

ಕೆಲಸಗಳ ಹಂಚಿಕೆಯಲ್ಲಿ ಬದಲಾವಣೆಯಿಲ್ಲ. ಅಡುಗೆ ರೋಸೆಲ್ಲಾಳದು. ಆಸ್ಪತ್ರೆಯಿಂದ ನಿವೃತ್ತಳಾದರೂ ನಮ್ಮನ್ನು ರೋಗಿಗಳೆಂದೇ ತಿಳಿದು ಉಪ್ಪು ಕಡಿಮೆ ಹಾಕುತ್ತಾಳೆ, ಸಹಿಸಿಕೊಳ್ಳೋಣ. ಕಕ್ಕಸಿನ ಪೆಟ್ಟಿಗೆ ಡೆಲ್‌ಮಾರನ ದೋಣಿಯಲ್ಲಿ. ಕಮರಿಯಲ್ಲಿ ಏನನ್ನೂ ಬಿಟ್ಟು ಬರುವಂತಿಲ್ಲವಾದ್ದರಿಂದ ಅದನ್ನು ಹೊರುವವನಿಗೆ ಶಿಬಿರದಲ್ಲೆಲ್ಲ ಅತಿ ಸುಂದರವಾದ ನೋಟವಿರುವ ಜಾಗವನ್ನು ಅದಕ್ಕಾಗಿ ಆರಿಸುವ ಹಕ್ಕು ಸಲ್ಲುತ್ತದೆ. ಗಣಿಯ ಕತ್ತಲೆಯಲ್ಲಿ ವಿದ್ಯುತ್ ತಂತಿ ಎಳೆದುಕೊಂಡೇ ಆಯುಷ್ಯ ಕಳೆದ ಮನುಷ್ಯ ಆ ಹಕ್ಕನ್ನು ಎಷ್ಟು ಶ್ರದ್ಧೆಯಿಂದ ಚಲಾಯಿಸುತ್ತಾನೆ ಎಂಬುದನ್ನು ನೀನು ಬಲ್ಲೆ. ಮುಂದಿನ ದೋಣಿ ನನ್ನದು, ಕಡೆಯ ದೋಣಿ ನಿನ್ನದು. ಕಡೆಯವನ ಹಿಂದೆ ಯಾರೂ ಉಳಿಯಕೂಡದು ಎಂಬುದು ನದಿಯ ಕಟ್ಟಳೆ. ಇಷ್ಟು ವರ್ಷಗಳಲ್ಲಿ ನಿನ್ನ ಹಿಂದೆ ಯಾರೂ ಉಳಿದಿಲ್ಲ.

ಬೆಳಗಿನ ಕಾಫಿಯೂ ನಿನ್ನದೇ. ಧರ್ಮದ ಕಟ್ಟಳೆಯಂತೆ ಕಾಫಿಯನ್ನು ಮುಟ್ಟದ ಮಾರ್ಮನ್ನನ ಕೈಗೆ ಕಾಫಿ ಪಾತ್ರೆ ಕೊಟ್ಟ ಬುದ್ಧಿವಂತರು ನಾವು. ಮೂಸಿ ನೋಡಿಯೇ ಹದ ಹಿಡಿಯುವ ನಿನ್ನ ವಿದ್ಯೆಗೆ ಗ್ರೀಕರ ಮಗನಾದ ನಾನು ಕೊಡುತ್ತ ಬಂದಿರುವ ಅತ್ಯುನ್ನತ ಅಂಕ ‘ಕುಡಿಯಬಹುದು’ ಎಂಬುದೇ. ಈ ವರ್ಷವೂ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸತಕ್ಕದ್ದಲ್ಲ.

ನಿನ್ನ ಉತ್ತರವನ್ನು ಎಂದಿನಂತೆ ಕೆಂಪು ಪೆನ್ಸಿಲಿನಲ್ಲಿ ತಿದ್ದಿ ಹಿಂದಿರುಗಿಸುತ್ತೇನೆ. ನೋಲಾ ಅವರಿಗೆ ನನ್ನ ಗೌರವಗಳು.

ಮುಂದಿನ ದೋಣಿಯವನು,
ಮನೋಲಿಸ್


ಗ್ರೀನ್ ರಿವರ್
ಮೇ 2

ಮೇಷ್ಟ್ರೇ,

ತಡವಾಯಿತು. ಬೀಜ ಹಾಕುವ ಗಡಿಬಿಡಿ. ಈ ಸಲ ನನ್ನನ್ನು ಬಿಟ್ಟುಬಿಡಿ. ಭುಜ ನೋವು. ಹುಟ್ಟು ಎತ್ತಿದರೆ ಕಿವಿಯವರೆಗೂ ಎಳೆಯುತ್ತದೆ. ಅಕ್ಟೋಬರಿನಲ್ಲಿ ಐಡಾಹೋದಿಂದ ನೋಲಾಳ ಅಕ್ಕ ಬೇರೆ ಬರುತ್ತಾಳೆ. ಹೊಲದ ಪೈಪು ತೆಗೆಯುವುದಿದೆ. ಕಯಾಕನ್ನು ಅಳಿಯನಿಗೆ ಕೊಟ್ಟುಬಿಟ್ಟೆ, ಸುಮ್ಮನೆ ಕೊಟ್ಟಿಗೆಯಲ್ಲಿ ಜಾಗ ತಿನ್ನುತ್ತಿತ್ತು.

ಕಡೆಯ ದೋಣಿಯನ್ನು ಡೆಲ್‌ಮಾರ್ ನೋಡಿಕೊಳ್ಳಲಿ. ಅವನು ಹಿಂದೆ ತಿರುಗಿ ನೋಡುವವನಲ್ಲ, ಹೇಳಿ ಕಲಿಸು. ಕಾಫಿಯನ್ನು ರೋಸೆಲ್ಲಾ ಮಾಡಲಿ, ಕುಡಿಯುವವರೇ ಮಾಡಿದರೆ ಒಳ್ಳೆಯದು. ಬಕೆಟ್ಟುಗಳ ಮೇಲೆ ಯಾವುದು ಯಾವುದೆಂದು ದೊಡ್ಡದಾಗಿ ಬರೆದಿಡಿ.

ಈ ವರ್ಷ ನದಿಯಲ್ಲಿ ನೀರು ಚೆನ್ನಾಗಿದೆಯಂತೆ. ಹೋಗಿ ಬನ್ನಿ.

ಥೇನ್


ಪ್ರೈಸ್
ಮೇ 9

ಥೇನ್,

ನಿನ್ನ ಕಾಗದವನ್ನು ಎರಡು ಬಾರಿ ಓದಿದೆ. ನೀನು ಕೊಟ್ಟಿರುವ ಕಾರಣಗಳು ನಾಲ್ಕು. ಒಂದೊಂದನ್ನಾಗಿ ಪರಿಶೀಲಿಸುತ್ತೇನೆ.

ಭುಜ ನೋವು ಎಂದಿದ್ದೀಯೆ, ಯಾವ ಭುಜ ಎಂಬುದನ್ನು ತಿಳಿಸಿಲ್ಲ. ನಿಜವಾಗಿ ನೋಯುವವನು ಮೊದಲು ಅದನ್ನೇ ಹೇಳುತ್ತಾನೆ. ನೋಲಾ ಅವರ ಅಕ್ಕನಿಗೂ ನಿನಗೂ ಆಗಿಬರದು. ಆಕೆ ಬರುವ ವಾರ ನೀನು ಮನೆಯಲ್ಲಿ ಇಲ್ಲದಿರಲೆಂದೇ ನಾವು ಎರಡು ಬಾರಿ ಯಾತ್ರೆಯ ದಿನವನ್ನು ಬದಲಾಯಿಸಿದ್ದೇವೆ. ಹೊಲದ ಪೈಪುಗಳನ್ನು ನೀನು ನವೆಂಬರಿಗೆ ಮುಂಚೆ ತೆಗೆದ ಉದಾಹರಣೆಯಿಲ್ಲ. ಇನ್ನು ಕಯಾಕಿನ ವಿಷಯ. ನಿನ್ನ ಅಳಿಯನಿಗೆ ನೀರೆಂದರೆ ಭಯವೆಂದು ನೀನೇ ಹೇಳಿ ನಕ್ಕಿದ್ದೆ. ಭಯಪಡುವವನ ಮನೆಗೆ ಆ ಹಳದಿ ದೋಣಿಯನ್ನು ಕಳಿಸಿದ್ದೀಯೆ ಎಂದರೆ ಅದು ಮತ್ತೆ ನಿನ್ನ ಕಣ್ಣಿಗೆ ಬೀಳಕೂಡದು ಎಂಬ ಉದ್ದೇಶ ಇರಬೇಕು.

ಐದನೆಯ ಕಾರಣವೊಂದು ಇದ್ದಲ್ಲಿ ಅದನ್ನು ಬರೆ. ನಾನು ಕೇಳುವುದಿಲ್ಲ, ನೀನು ಬರೆ.

ನಿನ್ನ ಕಾಗದವನ್ನು ಈ ಬಾರಿ ಹಿಂದಿರುಗಿಸುತ್ತಿಲ್ಲ. ನನ್ನಲ್ಲೇ ಇರಲಿ. ದಪ್ಪ ಪೆನ್ನಿನ ಅಕ್ಷರ ನನ್ನ ವಯಸ್ಸಿನವರಿಗೆ ಓದಲು ಹಿತವಾಗಿತ್ತು.

ನಾಲ್ಕು ಕಯಾಕುಗಳ ಲೆಕ್ಕದಲ್ಲೇ ಆಹಾರ ತರಲು ರೋಸೆಲ್ಲಾಳಿಗೆ ಹೇಳಿದ್ದೇನೆ.

ನಿನ್ನ,
ಮನೋಲಿಸ್


ಪ್ರೈಸ್
ಜೂನ್ 21

ಥೇನ್,

ನಿನ್ನಿಂದ ಉತ್ತರವಿಲ್ಲ. ಕಳೆದ ಶನಿವಾರ ನಿಮ್ಮೂರಿನ ಮೂಲಕ ಹಾದುಹೋಗುವ ಕೆಲಸವಿತ್ತು. ಸತ್ಯವಾಗಿ ಹೇಳುವುದಾದರೆ ಕೆಲಸವಿರಲಿಲ್ಲ. ನಿನ್ನ ಪಿಕಪ್ ಅಂಗಳದಲ್ಲಿ ಧೂಳು ಹಿಡಿದು ನಿಂತಿತ್ತು. ಕಿಟಕಿ ತೆರೆದಿತ್ತು, ಚಾಲಕನ ಸೀಟಿನಲ್ಲಿ ಬೆಕ್ಕೊಂದು ಮರಿಗಳಿಗೆ ಹಾಲೂಡಿಸುತ್ತಿತ್ತು. ಬಹಳ ದಿನಗಳಿಂದ ಅಲ್ಲೇ ಸಂಸಾರ ಹೂಡಿದ್ದಂತೆ ತೋರಿತು. ನಾನು ಬಾಗಿಲು ತಟ್ಟಲಿಲ್ಲ.

ಮನೋಲಿಸ್


ಗ್ರೀನ್ ರಿವರ್
ಜುಲೈ 26

ಮೇಷ್ಟ್ರೇ,

ಅಕ್ಷರ ದುಂಡಗಿದೆ ಎಂದು ಸಂತೋಷಪಡಬೇಡ. ನಾನು ಹೇಳುತ್ತಿದ್ದೇನೆ, ನೋಲಾ ಬರೆಯುತ್ತಿದ್ದಾಳೆ. (ಬೈಗುಳಗಳನ್ನು ಬಿಟ್ಟು ಬರೆಯುತ್ತೇನೆ ಎಂದು ಮೊದಲೇ ಹೇಳಿದ್ದೇನೆ. ಆದ್ದರಿಂದ ಕಾಗದ ಚಿಕ್ಕದಾಗಬಹುದು. – ನೋಲಾ)

ನೀನು ಬಂದು ಹೋದದ್ದು ಗೊತ್ತಾಯಿತು. ನಿನ್ನ ಕಾರಿನ ಬೆಲ್ಟು ಕಿರುಚುವುದು ಪಕ್ಕದ ಊರಿಗೂ ಕೇಳುತ್ತದೆ. ನೀನು ಅರ್ಧ ಗಂಟೆ ರಸ್ತೆಯಾಚೆ ನಿಂತಿದ್ದೆ. ನಾನು ಒಳಗೆ ಕುಳಿತು, ಬರುತ್ತಾನೋ ಹೋಗುತ್ತಾನೋ ಎಂದು ಕಾದೆ. ನೀನು ಹೋದೆ.

ಐದನೆಯ ಕಾರಣ ನಿನಗೆ ಗೊತ್ತಿದೆ. ಆದರೂ ಹೇಳುತ್ತೇನೆ. ಕಣ್ಣು. ಗ್ರ್ಯಾಂಡ್ ಜಂಕ್ಷನ್ನಿನ ಡಾಕ್ಟರರ ಹತ್ತಿರ ಹೋಗಿದ್ದೆವು. ನೇರ ನೋಡಿದ ಕಡೆ ಬೂದಿ ಬಣ್ಣದ ಒಂದು ಕಲೆ ಕೂರುತ್ತದೆ. ನಡು ಹೋಗುತ್ತದೆ, ಅಂಚು ಉಳಿಯುತ್ತದೆ ಎಂದರು. ನೋಲಾಳ ಮುಖ ಕಾಣಬೇಕಾದರೆ ಅವಳ ಪಕ್ಕದ ಗೋಡೆ ನೋಡುತ್ತೇನೆ. (ಮದುವೆಯಾದಂದಿನಿಂದ ಹಾಗೇ ಮಾಡುತ್ತಿದ್ದಾರೆ. – ನೋಲಾ)

ಇದಕ್ಕೆ ನಾನು ಯಾರ ಮೇಲೂ ಸಿಟ್ಟಾಗಿಲ್ಲ. ನನ್ನ ಅಪ್ಪನಿಗೂ ಹೀಗೇ ಆಗಿತ್ತು. ಸಿಟ್ಟು ನಿನ್ನ ಮೇಲೆ.

ಕಳೆದ ಅಕ್ಟೋಬರ್, ಕಡೆಯ ಬೆಳಿಗ್ಗೆ. ಎರಡು ಬಿಳಿ ಬಕೆಟ್ಟುಗಳು ಪಕ್ಕಪಕ್ಕದಲ್ಲಿದ್ದವು. ಒಂದರಲ್ಲಿ ಹಿಂದಿನ ದಿನ ತುಂಬಿಟ್ಟು ಕೆಸರು ತಳಕ್ಕಿಳಿದ ನದಿನೀರು. ಇನ್ನೊಂದರಲ್ಲಿ ತಟ್ಟೆಗಳನ್ನು ಕಡೆಯದಾಗಿ ಅದ್ದಿ ತೆಗೆಯುವ ಬ್ಲೀಚ್ ನೀರು. ನಾನು ಯಾವುದರಿಂದ ಕಾಫಿಗೆ ನೀರು ತೆಗೆದೆನೋ ನಿಮಗೆ ಮೂವರಿಗೂ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ನಾನು ಕುಡಿಯುವವನಲ್ಲವಲ್ಲ. ನೆಗಡಿಯಿಂದ ಮೂಗೂ ಕಟ್ಟಿತ್ತು. ಮನೆಗೆ ಬಂದಮೇಲೆ ನೋಲಾ ಆ ಪಾತ್ರೆಯ ಮುಚ್ಚಳ ತೆಗೆದು, “ಏನ್ರೀ, ಇದ್ರಲ್ಲಿ ಬಟ್ಟೆ ಒಗೆದ್ರಾ?” ಎಂದಳು.

ಆಗ ನೆನಪಾಯಿತು. ಅಂದು ನೀನು ಲೋಟ ಖಾಲಿ ಮಾಡಿ “ಚೆನ್ನಾಗಿದೆ ಥೇನ್” ಎಂದಿದ್ದೆ. ನಾನು ಮನೆವರೆಗೂ ಹಿಗ್ಗಿಕೊಂಡೇ ಬಂದಿದ್ದೆ. ಇಷ್ಟು ವರ್ಷಕ್ಕೆ ಒಂದು ಸಲ ಮೇಷ್ಟ್ರು ಚೆನ್ನಾಗಿದೆ ಅಂದರಲ್ಲಾ ಎಂದು.

ಒಂದು ಅಲ್ಪವಿರಾಮ ತಪ್ಪಿದ್ದಕ್ಕೆ ಹುಡುಗರ ಪ್ರಬಂಧ ಹಿಂದಕ್ಕೆ ಎಸೆದವನು ನೀನು. ನನ್ನ ಮಗಳ ಮದುವೆಯ ಆಮಂತ್ರಣವನ್ನೂ ತಿದ್ದಿ ಕಳಿಸಿದವನು. ನೀನು ಬ್ಲೀಚ್ ಕುಡಿದು ಚೆನ್ನಾಗಿದೆ ಅಂದೆ ಎಂದರೆ ನನ್ನ ಕೆಲಸ ಮುಗಿಯಿತು ಎಂದರ್ಥ. ಡಾಕ್ಟರರಿಗಿಂತ ಮೊದಲೇ ನೀನು ಹೇಳಿಬಿಟ್ಟೆ. ಮೇ ತಿಂಗಳ ನನ್ನ ಕಾಗದದಲ್ಲಿ ಸಾಲುಗಳ ಮೇಲೆ ಸಾಲುಗಳು ಹತ್ತಿದ್ದವು ಎಂದು, ಲಕೋಟೆಗೆ ಹಾಕುವಾಗ ನೋಡಿದ್ದ ನೋಲಾ ಈಗ ಹೇಳುತ್ತಾಳೆ. ಅದನ್ನೂ ನೀನು ತಿದ್ದಲಿಲ್ಲ, ಇಟ್ಟುಕೊಂಡೆ. ಸತ್ತವರ ಕಾಗದ ಇಟ್ಟುಕೊಳ್ಳುತ್ತಾರೆ.

ಅದಕ್ಕೇ ಬರುವುದಿಲ್ಲ. ಹಿಂದೆ ಕುಳಿತ ಮುದುಕನನ್ನು ಮೂರು ಜನ ಸುಳ್ಳು ಹೇಳಿ ಸಾಕಿಕೊಂಡು ಹೋಗುವುದು ಬೇಡ.

ಥೇನ್

(ಈ ಕಾಗದ ಬರೆಸುವಾಗ ಎರಡು ಸಲ ಎದ್ದು ಹೊರಗೆ ಹೋಗಿ ಬಂದರು. ನೀವು ಉತ್ತರ ಬರೆಯಿರಿ. – ನೋಲಾ)


ಪ್ರೈಸ್
ಆಗಸ್ಟ್ 4

ಥೇನ್,

ನಿನ್ನ ಆಪಾದನೆ ಸರಿಯಾಗಿದೆ.

ಅಂದು ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಮೊದಲು ಬಾಯಿಗಿಟ್ಟವಳು ರೋಸೆಲ್ಲಾ. ನೀನು ಆಚೆ ಗುಡಾರ ಮಡಚುತ್ತಿದ್ದೆ. ಅವಳು ನಮ್ಮಿಬ್ಬರ ಕಡೆ ತಿರುಗಿ, “ಇಷ್ಟಕ್ಕೆ ಯಾರೂ ಸಾಯಲ್ಲ, ಸುಮ್ನೆ ಕುಡೀರಿ” ಎಂದು ಪಿಸುಗುಟ್ಟಿದಳು. “ಸದ್ಯ, ಹಲ್ಲಾದ್ರೂ ಬೆಳ್ಳಗಾಗ್ಲಿ” ಎಂದು ಡೆಲ್‌ಮಾರ್ ಇನ್ನೊಂದು ಲೋಟ ಹಾಕಿಸಿಕೊಂಡ. ಅಷ್ಟರಲ್ಲಿ ನೀನು ಬಂದು ನನ್ನ ಮುಂದೆ ನಿಂತೆ. ನನ್ನ ಅಂಕಕ್ಕಾಗಿ ಕಾಯುತ್ತ ನೀನು ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ, ನನ್ನ ಕಿವಿಯ ಪಕ್ಕದ ಗಾಳಿಯನ್ನು. ಆ ಕ್ಷಣಕ್ಕೆ ನನಗೆ ಎಲ್ಲವೂ ಅರ್ಥವಾಯಿತು. ಅರ್ಥವಾದೊಡನೆ ಬಾಯಿಗೆ ಬಂದ ಮಾತು ‘ಚೆನ್ನಾಗಿದೆ’ ಎಂಬುದು. ಭಯಪಟ್ಟವನ ಮಾತು ಅದು. ನಾನು ಹೇಳಬೇಕಾಗಿದ್ದದ್ದು, “ಇದರಲ್ಲಿ ಬ್ಲೀಚ್ ಇದೆ, ಚೆಲ್ಲಿ ಬೇರೆ ಮಾಡು” ಎಂದು. ನೀನು ನನ್ನನ್ನು ಬೈದು ಬೇರೆ ಮಾಡುತ್ತಿದ್ದೆ, ಎಲ್ಲರೂ ನಗುತ್ತಿದ್ದೆವು, ಈಗ ನೀನು ಬರುವುದಿಲ್ಲ ಎಂಬ ಮಾತು ಹುಟ್ಟುತ್ತಲೇ ಇರಲಿಲ್ಲ.

ಇದರ ಜೊತೆಯಲ್ಲಿ ನಿನ್ನ ಮೇ ತಿಂಗಳ ಕಾಗದವನ್ನು ತಿದ್ದಿ ಹಿಂದಿರುಗಿಸಿದ್ದೇನೆ. ಕೆಂಪು ಪೆನ್ಸಿಲ್ ಎಲ್ಲೆಡೆ ಓಡಾಡಿದೆ. ತಪ್ಪುಗಳನ್ನು ನೋಲಾ ಅವರು ಒಂದೊಂದಾಗಿ, ನಿಧಾನವಾಗಿ, ನಿನಗೆ ಉರಿಯುವಂತೆ ಓದಿ ಹೇಳಬೇಕಾಗಿ ವಿನಂತಿ.

ಮುಂದಿನ ವಿಷಯ. ನಾನೊಂದು ದೋಣಿಯನ್ನು ಕೊಂಡಿದ್ದೇನೆ. ಇಬ್ಬರು ಕೂರುವ ಕಯಾಕ್. ನದಿಯ ಜನ ಇದನ್ನು ಡೈವೋರ್ಸ್ ದೋಣಿ ಎನ್ನುತ್ತಾರೆಂಬುದನ್ನು ನಾನು ಮರೆತಿಲ್ಲ. ನನಗೆ ಮಾರಿದ ದಂಪತಿಗಳು ಒಬ್ಬರ ಮುಖವನ್ನೊಬ್ಬರು ನೋಡದೆ ಅದರ ಎರಡು ತುದಿಗಳನ್ನು ಹಿಡಿದೆತ್ತಿ ನನ್ನ ಕಾರಿನ ಮೇಲಿಟ್ಟರು. ಹೆಸರು ಸುಮ್ಮನೆ ಬಂದದ್ದಲ್ಲ. ಜೀವಮಾನದಲ್ಲಿ ಇನ್ನೊಬ್ಬನೊಡನೆ ದೋಣಿ ಹಂಚಿಕೊಳ್ಳುವುದಿಲ್ಲ ಎಂದು ನಾವಿಬ್ಬರೂ ಹೇಳಿಕೊಂಡು ಬಂದವರು. ಆದರೂ ಕೇಳು. ಹಿಂದಿನ ಸೀಟಿನವನು ಕಾಲಿನಿಂದ ಚುಕ್ಕಾಣಿ ತಿರುಗಿಸುತ್ತಾನೆ, ಮುಂದಿನವನು ದಾರಿ ನೋಡುತ್ತಾನೆ. ನಿನಗೆ ಅಂಚು ಕಾಣುತ್ತದೆ ಎಂದಿದ್ದೀಯೆ. ನದಿಗೆ ಎರಡು ಅಂಚುಗಳಿವೆ, ಅವೆರಡನ್ನೂ ನೀನು ನೋಡಿಕೋ. ನಡುವಿನದನ್ನು ನಾನು ನೋಡಿ ಹೇಳುತ್ತೇನೆ. ಹಾಗಾದಾಗ ನಮ್ಮದು ಕಡೆಯ ದೋಣಿ, ನೀನು ಅದರ ಹಿಂದಿನ ಸೀಟಿನವನು. ನಿನ್ನ ಹಿಂದೆ ಈಗಲೂ ಯಾರೂ ಇರುವುದಿಲ್ಲ.

ನಿನ್ನನ್ನು ಕರುಣೆಯಿಂದ ಕರೆಯುತ್ತಿಲ್ಲ. ನಾಲ್ಕನೆಯವನಿಲ್ಲದೆ ಡೆಲ್‌ಮಾರ್, ರೋಸೆಲ್ಲಾ ಇಬ್ಬರ ಜಗಳವನ್ನು ಐದು ದಿನ ನಾನೊಬ್ಬನೇ ತಾಳಲಾರೆ.

ನಿನ್ನ,
ಮನೋಲಿಸ್


ಗ್ರೀನ್ ರಿವರ್
ಸೆಪ್ಟೆಂಬರ್ 13

ಮೇಷ್ಟ್ರೇ,

ಹಣ್ಣಿನ ಕಾಲ, ಹೆಚ್ಚು ಬರೆಸಲು ಬಿಡುವಿಲ್ಲ. ತಪ್ಪುಗಳನ್ನು ನೋಲಾ ಓದಿದಳು. ಉರಿಯಿತು. (ಮೂರು ದಿನ ಊಟದ ಹೊತ್ತಿಗೆ ಅದೇ ಮಾತು. ನನಗಂತೂ ಮನೆಗೆ ಜೀವ ಬಂದಂತಾಯಿತು. – ನೋಲಾ)

ಬರುತ್ತೇನೆ. ಒಂದು ಷರತ್ತು. ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ಕಾಣದ್ದನ್ನು ಕಂಡೆ ಎನ್ನಬಾರದು. ಕಾಫಿಯಿರಲಿ, ಬಂಡೆಯಿರಲಿ, ನಾನಿರಲಿ. ಒಂದೇ ಒಂದು ಸಲ ನೀನು ನನ್ನನ್ನು ಸಂತೋಷಪಡಿಸಲು ನೋಡಿದೆ ಎಂದು ನನಗೆ ಗೊತ್ತಾದರೆ, ಆ ದಡದಲ್ಲೇ ಇಳಿದು ಬಿಡುತ್ತೇನೆ. ಅದೇ ಕಡೆಯದು, ಇನ್ನು ಮುಂದೆ ನನ್ನನ್ನು ಕರೆಯಬೇಡ.

ನಿನಗೆ ಎರಡು ಕರಬೂಜ ಎತ್ತಿಟ್ಟಿದ್ದೇನೆ.

ಥೇನ್

(ಮನೋಲಿಸ್ ಅವರೇ, ಇದನ್ನು ಅವರಿಗೆ ಓದಿ ಹೇಳಿಲ್ಲ. ಅಲ್ಲಿಂದ ಬಂದಮೇಲೆ ನನಗೆ ಬೇರೆಯಾಗಿ ಒಂದು ಕಾಗದ ಬರೆಯಿರಿ. ಕೇಳಿದರೆ ಇವರು ಎಲ್ಲಾ ಚೆನ್ನಾಗಿತ್ತು ಎನ್ನುತ್ತಾರೆ. ಮುಂದಿನ ವರ್ಷ ಕಳಿಸಬೇಕೋ ಬೇಡವೋ ಎಂದು ನಾನು ತೀರ್ಮಾನಿಸಬೇಕು. ಮಕ್ಕಳು ಬೇಡ ಎನ್ನುತ್ತಿದ್ದಾರೆ. – ನೋಲಾ)


ಪ್ರೈಸ್
ಅಕ್ಟೋಬರ್ 12

ಮಾನ್ಯ ನೋಲಾ ಅವರಿಗೆ,

ತಾವು ಕೇಳಿದ ವರದಿ ಇದು. ಮೆಚ್ಚಿಸುವುದಕ್ಕಾಗಿ ಏನನ್ನೂ ಸೇರಿಸಿಲ್ಲ.

ಮೊದಲ ದಿನ ನಾವು ಮೂರು ಬಾರಿ ಮರಳಿನಲ್ಲಿ ಸಿಕ್ಕಿಕೊಂಡೆವು. ತಪ್ಪು ನನ್ನದು. ನೀರು ಎಲ್ಲಿ ತೆಳುವಾಗಿದೆ ಎಂಬುದನ್ನು ನಾನು ಪೂರ್ಣ ವಾಕ್ಯಗಳಲ್ಲಿ ವರ್ಣಿಸುತ್ತಿದ್ದೆ. “ನಿನ್ನ ವಾಕ್ಯ ಮುಗಿಯೋದ್ರೊಳಗೆ ಮರಳು ಬಂತಲ್ಲೋ ಮೇಷ್ಟ್ರೇ. ಎಡ ಅನ್ನು, ಬಲ ಅನ್ನು. ಉಳಿದಿದ್ದು ಊಟ ಆದ್ಮೇಲೆ ಹೇಳು” ಎಂದು ಥೇನ್ ಗದರಿದ. ಮುಂದಿನ ಕಯಾಕಿನಿಂದ ಡೆಲ್‌ಮಾರ್, ಡೈವೋರ್ಸಿಗೆ ಲಾಯರನ್ನು ಕರೆಸಲೇ ಎಂದು ಕೂಗಿ ಕೇಳಿದ. ಎರಡನೆಯ ದಿನದಿಂದ ಎಡ, ಬಲ, ನೇರ, ನಿಲ್ಲು ಎಂಬ ನಾಲ್ಕು ಮಾತುಗಳಲ್ಲಿ ನಾನು ಸಂಸಾರ ಸಾಗಿಸಿದೆ. ದೋಣಿ ಚೆನ್ನಾಗಿ ಹೋಯಿತು. ಎರಡು ದಡಗಳ ನಡುವೆ ಅದನ್ನು ಅವನು ಹಿಡಿದಿಟ್ಟ ರೀತಿಯಲ್ಲಿ ನನಗೆ ಕೊರತೆ ಕಾಣಲಿಲ್ಲ.

ಕಿರುಕಮರಿಯೊಂದರೊಳಗೆ ನಡೆಯುವಾಗ ಥೇನ್ ಒಮ್ಮೆ ಬಿದ್ದ. ಮೊಣಕಾಲು ತರಚಿದೆ. ರೋಸೆಲ್ಲಾ ಔಷಧಿ ಹಾಕಿದ್ದಾಳೆ. ಅವನು ಅದನ್ನು ತಮ್ಮಿಂದ ಮುಚ್ಚಿಟ್ಟಿರಬಹುದು; ಎಡಗಾಲು.

ಕಾಫಿಯ ವಿಚಾರ. ಕೆಸರು ಇಳಿಸುವ ಬಕೆಟ್ಟಿನ ಹಿಡಿಗೆ ಡೆಲ್‌ಮಾರ್ ಒಂದು ಹಗ್ಗದ ತುಂಡನ್ನು ಸುತ್ತಿದ್ದ, ಕೈಗೆ ಗೊತ್ತಾಗಲೆಂದು. ಮೊದಲ ಬೆಳಗಿನ ಕಾಫಿಯನ್ನು ನಾನು ಒಂದು ಗುಟುಕು ಕುಡಿದು, ನೀರಿಗೂ ಕಾಫಿಗೂ ಇನ್ನೂ ಪರಿಚಯವೇ ಆಗಿಲ್ಲ ಎಂದು ಹೇಳಿ ಚೆಲ್ಲಿಬಿಟ್ಟೆ. ಥೇನ್ ತೊಡೆ ತಟ್ಟಿಕೊಂಡು ನಗತೊಡಗಿದ. ಆ ನಗುವನ್ನು ನಾನು ವರ್ಷದಿಂದ ಕೇಳಿರಲಿಲ್ಲ. ಎರಡನೆಯ ಬೆಳಗ್ಗೆ ಕಹಿ ಹೆಚ್ಚಾಗಿತ್ತು, ಹೇಳಿದೆ. ನಾಲ್ಕನೆಯ ಬೆಳಗ್ಗೆ ಕುಡಿಯಬಹುದಾಗಿತ್ತು, ಅದನ್ನೂ ಹೇಳಿದೆ.

ಇನ್ನು ಬೋನಾಟ್ ತಿರುವು. ಅಲ್ಲಿ ನದಿ ಹಗ್ಗದ ಕುಣಿಕೆಯಂತೆ ಏಳು ಮೈಲಿ ಸುತ್ತಿ, ಹೊರಟ ಜಾಗದ ಬೆನ್ನಿಗೇ ಬಂದು ನಿಲ್ಲುತ್ತದೆ; ನಡುವೆ ಒಂದು ತೆಳುವಾದ ಬಂಡೆಯ ಗೋಡೆ ಮಾತ್ರ. ಪ್ರತಿ ವರ್ಷ ನಾವು ನಾಲ್ವರೂ ಆ ಗೋಡೆಯನ್ನು ಹತ್ತಿ, ಎರಡು ಕಡೆಗಳಲ್ಲೂ ಹರಿಯುವ ಒಂದೇ ನದಿಯನ್ನು ನೋಡುತ್ತಿದ್ದೆವು. ಸಡಿಲ ಕಲ್ಲಿನ ದಾರಿ, ಅವನನ್ನು ಹತ್ತಿಸುವಂತಿರಲಿಲ್ಲ. ಆದ್ದರಿಂದ ಡೆಲ್‌ಮಾರ್, ರೋಸೆಲ್ಲಾ ತಮ್ಮ ಕಯಾಕುಗಳನ್ನು ದಡಕ್ಕೆ ಕಟ್ಟಿ ಮೇಲೆ ಹತ್ತುವುದು, ನಾವಿಬ್ಬರು ಸುತ್ತಿಕೊಂಡು ಆಚೆಗೆ ಬಂದಾಗ ಅವರು ನೆತ್ತಿಯಿಂದ ಕೈ ಬೀಸುವುದು, ಆಮೇಲೆ ಇಳಿದು ತಮ್ಮ ಕಯಾಕುಗಳಲ್ಲಿ ಸುತ್ತಿ ಬಂದು ಶಿಬಿರದಲ್ಲಿ ಸೇರಿಕೊಳ್ಳುವುದು ಎಂದಾಯಿತು. ಇಷ್ಟು ಕಾಲದಲ್ಲಿ ಮೊದಲ ಬಾರಿಗೆ ಅವನ ಹಿಂದೆ ಇಬ್ಬರು ಉಳಿಯುವವರಿದ್ದರು. ಅದು ಅವನನ್ನು ದಾರಿಯುದ್ದಕ್ಕೂ ಕೊರೆಯುತ್ತಿತ್ತು.

ಆಚೆ ಬದಿಗೆ ಬಂದಾಗ ಬಿಸಿಲು ಬಂಡೆಯ ಅರ್ಧಕ್ಕೆ ಇಳಿದಿತ್ತು. ನಿಂತ ನೀರಿನಲ್ಲಿ ದೋಣಿಯನ್ನು ನಿಲ್ಲಿಸಿದೆವು. ಮೇಲಿನವರಿಗೆ ಕಾಣಲೆಂದು ಅವನು ಹುಟ್ಟನ್ನು ತಲೆಯ ಮೇಲೆತ್ತಿ ಹಿಡಿದು, “ಇದ್ದಾರಾ?” ಎಂದ.

ನೆತ್ತಿಯ ಮೇಲೆ ಯಾರೂ ಇರಲಿಲ್ಲ.

ನೋಲಾ ಅವರೇ, ನಾನು ಹಿಂದಕ್ಕೆ ತಿರುಗಿ ನೋಡಿದೆ, ಹುಟ್ಟನ್ನು ಎತ್ತಿ ಹಿಡಿದಿದ್ದ ಅವನ ಕೈಗಳು ನಡುಗುತ್ತಿದ್ದವು. ಇದ್ದಾರೆ, ಕೈ ಬೀಸುತ್ತಿದ್ದಾರೆ ಎಂದು ಹೇಳಿಬಿಟ್ಟಿದ್ದರೆ ಅವನು ಅದನ್ನು ಇಳಿಸುತ್ತಿದ್ದ, ಅವನ ಮನಸ್ಸಿನ ಭಾರವೂ ಇಳಿಯುತ್ತಿತ್ತು. ಅವರು ಹೇಗೂ ಇನ್ನೇನು ಬರುವವರೇ. ಆ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು.

“ಇಲ್ಲ” ಎಂದೆ.

ಅವನು ಕೈ ಇಳಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಈಗ?” ಎಂದ.

“ಇಲ್ಲ.”

ಕಾಗೆಯೊಂದು ಬಂಡೆಯ ಮೇಲಿಂದ ಹಾರಿ ಬಂತು. ಅದನ್ನು ಹೇಳಿದೆ. “ಕಾಗೆ ಯಾರಿಗೆ ಬೇಕೋ. ನಮ್ಮೋರು?” ಎಂದ. ಇಲ್ಲ ಎಂದೆ. ನನಗೂ ಭಯವಾಗತೊಡಗಿತ್ತು. ರೋಸೆಲ್ಲಾ ಜಾರಿದಳೋ ಏನೋ ಎಂದು ನಾನು ಬಾಯಿ ಬಿಟ್ಟು ಹೇಳಿದೆ, ಅವನೂ ಅದನ್ನೇ ಯೋಚಿಸುತ್ತಿದ್ದನಂತೆ. ಇಬ್ಬರೂ ಒಂದೇ ಭಯವನ್ನು ಹಂಚಿಕೊಂಡು ಆ ದೋಣಿಯಲ್ಲಿ ಕುಳಿತಿದ್ದೆವು.

ಕಡೆಗೆ ಹೇಳಿದೆ: “ಬಂದ್ರು. ಡೆಲ್‌ಮಾರ್ ಟೋಪಿ ಬೀಸ್ತಿದಾನೆ. ರೋಸೆಲ್ಲಾ ಕೂತ್ಕೊಂಡು ಶೂ ಬಿಚ್ಚಿ ಕಲ್ಲು ಕೊಡವ್ತಿದಾಳೆ. ನಮ್ಮ ಕಡೆ ನೋಡ್ತಾನೂ ಇಲ್ಲ.”

“ಅದೇ ಅವಳು” ಎಂದು ಹೇಳಿ ಅವನು ಹುಟ್ಟನ್ನು ಇಳಿಸಿದ. ಆಮೇಲೆ ಹಿಂದಿನಿಂದ ನನ್ನ ಬೆನ್ನಿನ ಮೇಲೆ ಕೈಯಿಟ್ಟು, ಸ್ವಲ್ಪ ಹೊತ್ತು ತೆಗೆಯಲಿಲ್ಲ.

ಮುಂದಿನ ವರ್ಷ ಕಳಿಸಬೇಕೋ ಬೇಡವೋ ಎಂದು ಕೇಳಿದ್ದೀರಿ. ಅವನ ಕಣ್ಣು ಆ ಹೊತ್ತಿಗೆ ಇನ್ನೂ ಕೆಟ್ಟಿರುತ್ತದೆ. ಮತ್ತೆ ಬೀಳಬಹುದು. ಅಪಾಯವಿಲ್ಲ ಎಂದು ನಾನು ಬರೆದುಕೊಡಲಾರೆ. ನನಗೆ ಅವನು ಬೇಕು ಎಂಬುದನ್ನು ಮಾತ್ರ ಬರೆದುಕೊಡಬಲ್ಲೆ. ತೀರ್ಮಾನ ತಮ್ಮದು.

ತಮ್ಮ ವಿಶ್ವಾಸಿ,
ಮನೋಲಿಸ್


ಗ್ರೀನ್ ರಿವರ್
ಅಕ್ಟೋಬರ್ 25

ಮೇಷ್ಟ್ರೇ,

ಇದು ನನ್ನ ಕೈಬರಹ. ಸಾಲು ಹತ್ತಿದರೆ ತಿದ್ದಿಕೋ.

ನೀನು ನೋಲಾಗೆ ಬರೆದದ್ದನ್ನು ಅವಳು ನನಗೆ ಓದಿ ಹೇಳಿದಳು, ಮೊಣಕಾಲಿನ ವಿಷಯ ಸೇರಿಸಿ. ಅದಕ್ಕಾಗಿ ನಿನ್ನನ್ನು ಬೇರೆ ನೋಡಿಕೊಳ್ಳುತ್ತೇನೆ. ಮಕ್ಕಳಿಗೆ ಅವಳೇ ಫೋನ್ ಮಾಡಿ ಹೇಳಿದಳು, ನಿಮ್ಮಪ್ಪ ಮುಂದಿನ ವರ್ಷವೂ ಹೋಗುತ್ತಾರೆ ಎಂದು. ಅಳಿಯ ಹಳದಿ ಕಯಾಕನ್ನು ತಂದು ಕೊಟ್ಟಿಗೆಯಲ್ಲಿಟ್ಟು ಹೋದ. ಅದು ಮೊಮ್ಮಗಳಿಗಿರಲಿ. ನನಗೆ ಡೈವೋರ್ಸ್ ದೋಣಿ ಸಾಕು.

ಒಂದು ಮಾತು ನಿನಗೆ ಹೇಳಿರಲಿಲ್ಲ. ಅಂದು ನಾನು ಪಕ್ಕದ ಬಂಡೆಯ ಕಡೆಗೆ ಮುಖ ತಿರುಗಿಸಿ ಕುಳಿತಿದ್ದೆ. ಹಾಗೆ ಕುಳಿತರೆ ಆ ನೆತ್ತಿ ನನ್ನ ಕಣ್ಣಂಚಿಗೆ ಬರುತ್ತದೆ. ಮುಖ ಮೂತಿ ತಿಳಿಯುವುದಿಲ್ಲ, ಅಲುಗಿದ್ದು ತಿಳಿಯುತ್ತದೆ. ಆಕಾಶದ ಗೆರೆ ಖಾಲಿಯಿತ್ತು. ಅಲ್ಲಿ ಯಾರೂ ಇಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದೆ. ಎರಡನೆಯ ಸಲವೂ ಗೊತ್ತಿದ್ದೇ ಕೇಳಿದೆ. ನೀನು ಇದ್ದಾರೆ ಎಂದಿದ್ದರೆ ನಾನು ಏನೂ ಹೇಳದೆ ಮಿನರಲ್ ಬಾಟಮ್‌ವರೆಗೆ ಬಂದು, ಮನೆಗೆ ಹೋಗಿ, ಮತ್ತೆ ನಿನ್ನ ಕಾಗದ ಒಡೆಯುತ್ತಿರಲಿಲ್ಲ.

ಕೈ ನಡುಗಿದ್ದು ಹುಟ್ಟಿನ ಭಾರಕ್ಕಲ್ಲ.

ನಿನ್ನ ವರದಿಗೆ ನನ್ನ ಅಂಕ: ಕುಡಿಯಬಹುದು.

ಕಡೆಯ ದೋಣಿಯವನು,
ಥೇನ್